ಕಣ್ಣಿಗೆ ಕಾಣದ ಸರಕು

ಚಿಕ್ಕಮಗಳೂರು, ಕೊಡಗುಗಳ ತೋಟಗಳಲ್ಲಿ ಬೆಳೆದ ಕಾಫಿಯು ಸಂಸ್ಕರಣೆಗೊಂಡು, ಚೀಲಗಳಲ್ಲಿ ತುಂಬಿ, ಪಣಂಬೂರಿನ ನವಮಂಗಳೂರು ಬಂದರಿಗೆ ಬರುವುದುಂಟು. ಅಲ್ಲಿ ಸುಂಕದ ಅಧಿಕಾರಿಗಳು ಚೀಲಗಳನ್ನು ಎಣಿಸುತ್ತಾರೆ; ತೂಕವನ್ನೂ ಬೆಲೆಯನ್ನೂ ದಾಖಲೆ ಮಾಡಿಕೊಳ್ಳುತ್ತಾರೆ. ಅನಂತರ ಹಡಗು ಇಟಲಿಯ ಕಡೆಗೆ ಹೊರಡುತ್ತದೆ. ದೇಶದಿಂದ ಹೊರಕ್ಕೆ ಹೋದುದು ಇಷ್ಟು ಕಾಫಿ ಎಂದು ಕಡತದಲ್ಲಿ ಬರೆದಿರುತ್ತದೆ. ಆದರೆ ಆ ಹಡಗಿನೊಡನೆ ಬೇರೆ ಕೆಲವು ಸರಕುಗಳೂ ಕೈ ಬದಲಾಯಿಸಿರುತ್ತವೆ. ಅವನ್ನು ತೂಗಲಾಗುವುದಿಲ್ಲ, ಎಣಿಸಲಾಗುವುದಿಲ್ಲ. ಕಾಫಿಯನ್ನು ಸಾಗಿಸಲು ಒಪ್ಪಿದ ಹಡಗಿನವರಿಗೆ ಬಾಡಿಗೆ ಸಲ್ಲಬೇಕು. ಬಿರುಗಾಳಿಯಿಂದಲೋ ಬೆಂಕಿಯಿಂದಲೋ ಸರಕು ಹಾಳಾದರೆ ನಷ್ಟ ತುಂಬಿಕೊಡುವೆವೆಂದು ಮಾತು ಕೊಟ್ಟ ವಿಮಾ ಸಂಸ್ಥೆಗೆ ಕಂತು ಸಲ್ಲಬೇಕು. ಕೊಳ್ಳುವವನನ್ನು ಎಂದೂ ಕಂಡಿರದ ಮಾರಾಟಗಾರನಿಗೆ ಹಣ ಬಂದೇ ಬರುವುದೆಂದು ಖಾತರಿ ನೀಡಿದ ಬ್ಯಾಂಕಿಗೂ ಸಂಭಾವನೆ ಸಲ್ಲಬೇಕು. ಹಡಗು ಗ್ರೀಸಿನದಾಗಿ, ವಿಮೆ ಲಂಡನ್ನಿನದಾಗಿದ್ದರೆ ಆಯಾ ದೇಶಗಳು ತಮ್ಮ ಸೇವೆಯನ್ನು ಪರದೇಶಕ್ಕೆ ಮಾರಿದಂತಾಯಿತು. ಇಂತಹ ಕೊಡುಕೊಳ್ಳುವಿಕೆಗೆ ಅರ್ಥಶಾಸ್ತ್ರಜ್ಞರು ಬಹುಕಾಲ ‘ಅದೃಶ್ಯ ವ್ಯಾಪಾರ’ವೆಂಬ ಹೆಸರನ್ನು ಬಳಸಿದರು. ಇಂದು ಅದನ್ನು ಸೇವೆಗಳ ಅಂತರರಾಷ್ಟ್ರೀಯ ವಾಣಿಜ್ಯವೆಂದು ಕರೆಯುತ್ತಾರೆ.

ಇದು ಹೊಸ ಕಾಲದ ಸೃಷ್ಟಿಯೆಂದು ತಿಳಿಯಬೇಕಾಗಿಲ್ಲ. ಇದೇ ಮಂಗಳೂರಿನಲ್ಲಿ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಅದರ ಒಂದು ಸೊಗಸಾದ ನಿದರ್ಶನ ದೊರೆಯುತ್ತದೆ. ಉತ್ತರ ಆಫ್ರಿಕದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಸುಮಾರು 1132ರಿಂದ 1149ರವರೆಗೆ ಈ ಕರಾವಳಿಯಲ್ಲಿ ನೆಲೆಸಿದ್ದನು. ಏಡನ್ ಬಂದರಿನ ವರ್ತಕರಿಗೂ ಅವನಿಗೂ ನಡೆದ ಪತ್ರವ್ಯವಹಾರವು ಈಜಿಪ್ಟಿನ ಹಳೆಯ ಕೈರೋ ಪಟ್ಟಣದ ಒಂದು ಪ್ರಾರ್ಥನಾಮಂದಿರದ ಕೋಣೆಯಲ್ಲಿ ಏಳು ಶತಮಾನಗಳಿಗೂ ಮಿಕ್ಕಿ ಉಳಿದುಕೊಂಡಿತ್ತು. ದೇವರ ಹೆಸರಿರಬಹುದಾದ ಯಾವ ಕಾಗದವನ್ನೂ ಹರಿದೆಸೆಯಬಾರದೆಂಬ ಯೆಹೂದಿಗಳ ನಂಬಿಕೆಯಿಂದ ವ್ಯಾಪಾರದ ಲೆಕ್ಕಪತ್ರಗಳೂ ಅಲ್ಲಿ ಸುರಕ್ಷಿತವಾಗಿದ್ದವು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬೀ ಭಾಷೆಯ ಆ ಪತ್ರಗಳಲ್ಲಿ ಮೆಣಸು, ಅಡಕೆ, ಕಬ್ಬಿಣ ಮೊದಲಾದ ಸರಕುಗಳ ಮಾತಿದೆ. ಜೊತೆಗೆ ಇನ್ನೊಂದು ಸಂಗತಿಯೂ ಇದೆ. ಬೆನ್ ಯಿಜುವಿಗೆ ಇಲ್ಲಿ ಒಂದು ಕಂಚಿನ ಕಾರ್ಖಾನೆಯಿತ್ತು. ಏಡನ್ನಿನ ಗೆಳೆಯರು ತಮ್ಮ ಮನೆಯ ಒಡೆದ, ಹಳೆಯ ತಾಮ್ರದ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಅದೇ ಲೋಹದಿಂದ ಹೊಸ ಪಾತ್ರೆಗಳನ್ನು ಇಂತಿಂತಹ ಆಕಾರದಲ್ಲಿ ಮಾಡಿಸಿ ಕಳುಹಿಸಬೇಕೆಂದು ವಿವರವಾಗಿ ಬರೆಯುತ್ತಿದ್ದರು. ಲೋಹ ಅವರದು, ಕೈಚಳಕ ಮಾತ್ರ ನಮ್ಮ ಕಂಚುಗಾರರದು. ಅವರು ಹಣ ತೆರುತ್ತಿದ್ದುದು ಪಾತ್ರೆಗಲ್ಲ, ಕೆಲಸಕ್ಕೆ. ಪರರ ಒಡೆತನದ ಸಾಮಗ್ರಿಯನ್ನು ಸಂಸ್ಕರಿಸಿ ಹಿಂದಿರುಗಿಸುವ ಇಂತಹ ಕೆಲಸವನ್ನು ಇಂದಿನ ಅಂತರರಾಷ್ಟ್ರೀಯ ಲೆಕ್ಕಪದ್ಧತಿಯೂ ಸೇವೆಯ ರಫ್ತೆಂದೇ ಪರಿಗಣಿಸುತ್ತದೆ.

ಅದೇ ಪತ್ರಗಳಲ್ಲಿ ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಒಬ್ಬ ಸೇವಕನ ಪ್ರಸ್ತಾಪವೂ ಬರುತ್ತದೆ. ಅವನ ಹೆಸರು ಬೊಮ್ಮ ಎಂದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಹೆಸರೇ ಹೇಳುವಂತೆ ಅವನು ಈ ನಾಡಿನವನು. ಸರಕನ್ನು ಒಪ್ಪಿಸುವುದು, ಹಣವನ್ನು ಪಡೆಯುವುದು, ಧಣಿಗೆ ಬೇಕಾದುದನ್ನು ಕೊಂಡು ತರುವುದು ಅವನ ಹೊಣೆಯಾಗಿತ್ತು. ಒಮ್ಮೆ ಅವನು ಏಡನ್ನಿನಲ್ಲಿ ಕುಡಿದು ಗಲಾಟೆ ಮಾಡಿ ಹೆಚ್ಚಿನ ಹಣಕ್ಕೆ ಪೀಡಿಸಿದನೆಂಬ ದೂರೂ ಉಂಟು! ಆದರೆ ವರ್ಷಗಳು ಕಳೆದಂತೆ ಏಡನ್ನಿನ ವರ್ತಕರು ತಮ್ಮ ಪತ್ರಗಳಲ್ಲಿ ಅವನನ್ನು ಗೌರವದಿಂದ ಹೆಸರಿಸತೊಡಗಿದರು. ಧಣಿಯು ಊರಿನಲ್ಲಿದ್ದುಕೊಂಡೇ ಕಡಲಾಚೆಯ ವ್ಯವಹಾರವನ್ನು ನಡೆಸುವುದು ಬೊಮ್ಮನಂತಹವರ ನಂಬಿಕೆಯ ದುಡಿಮೆಯಿಂದ ಸಾಧ್ಯವಾಗಿತ್ತು.

ಹೀಗಿದ್ದರೂ ಅರ್ಥಶಾಸ್ತ್ರವೆಂಬ ವಿದ್ಯೆಯು ರೂಪುಗೊಂಡಾಗ ಸೇವೆಗೆ ಅದರಲ್ಲಿ ಗೌರವದ ಸ್ಥಾನ ದೊರೆಯಲಿಲ್ಲ. 1776ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆಡಂ ಸ್ಮಿತ್ತನು ಶ್ರಮವನ್ನು ಎರಡಾಗಿ ವಿಂಗಡಿಸಿದನು. ಕುಶಲಕರ್ಮಿಯ ಶ್ರಮವು ಒಂದು ವಸ್ತುವಿನಲ್ಲಿ ನೆಲೆನಿಲ್ಲುತ್ತದೆ. ಅದನ್ನು ಕೂಡಿಡಬಹುದು, ಮುಂದೆ ಮಾರಬಹುದು. ಮನೆಯಾಳು, ವಕೀಲ, ವೈದ್ಯ, ನಟ, ಗಾಯಕ ಇವರ ಶ್ರಮವಾದರೋ ನಡೆದ ಗಳಿಗೆಯಲ್ಲಿಯೇ ಇಲ್ಲವಾಗುತ್ತದೆ. ಆದುದರಿಂದ ಅದು ಸಂಪತ್ತನ್ನು ಹೆಚ್ಚಿಸುವ ಶ್ರಮವಲ್ಲವೆಂದು ಅವನು ತೀರ್ಮಾನಿಸಿದನು. ಅಂದಿನ ಕಾಲಕ್ಕೆ ಈ ಮಾತು ಅಸಂಗತವಾಗಿರಲಿಲ್ಲ. ಗಾಯಕನ ಹಾಡನ್ನು ಮೂಟೆ ಕಟ್ಟಿ ಹಡಗಿಗೆ ಏರಿಸುವುದು ಹೇಗೆ? ವೈದ್ಯನ ಸಲಹೆಯು ಕಡಲಾಚೆಯ ರೋಗಿಗೆ ತಲಪುವಷ್ಟರಲ್ಲಿ ರೋಗಿಯು ಗುಣವಾಗಿರಬೇಕು, ಇಲ್ಲವೆ ತೀರಿಕೊಂಡಿರಬೇಕು. ಸೇವೆಯ ವಾಣಿಜ್ಯವು ಬೆಳೆದ ಕಥೆಯೆಂದರೆ ಸ್ಮಿತ್ತನು ಕಂಡ ಈ ತೊಡಕನ್ನು ಮನುಷ್ಯನು ಹಂತಹಂತವಾಗಿ ದಾಟಿದ ಕಥೆಯೇ ಆಗಿದೆ.

ಮೊದಲು ದಾಟಿದವರು ವಿಮೆಯವರು. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯೊಂದಿತ್ತು. 1688ರಷ್ಟು ಹಿಂದೆಯೇ ಅದರ ಉಲ್ಲೇಖ ಸಿಗುತ್ತದೆ. ಬಾಬಾಬುಡನ್ನರು ಕಾಫಿಯ ಬೀಜಗಳನ್ನು ನಮ್ಮ ಗಿರಿಗೆ ತಂದರೆಂದು ಐತಿಹ್ಯವು ಹೇಳುವುದೂ ಅದೇ ಶತಮಾನದಲ್ಲಿ ಎಂಬುದು ಒಂದು ಸ್ವಾರಸ್ಯ. ಹಡಗಿನ ಒಡೆಯರೂ ನಾವಿಕರೂ ಲಾಯ್ಡನ ಅಂಗಡಿಯಲ್ಲಿ ಸೇರಿ ಸುದ್ದಿ ಹಂಚಿಕೊಳ್ಳುತ್ತಿದ್ದರು. ಯಾನಕ್ಕೆ ಹೊರಟ ಹಡಗಿನ ವಿವರವನ್ನು ಒಂದು ಕಾಗದದಲ್ಲಿ ಬರೆದು ಮೇಜಿನಿಂದ ಮೇಜಿಗೆ ಕಳುಹಿಸುವರು. ನಷ್ಟದಲ್ಲಿ ಇಷ್ಟು ಪಾಲನ್ನು ತಾನು ಹೊರುವೆನೆಂದು ಒಪ್ಪಿದ ಧನಿಕನು ಅದರ ಕೆಳಗೆ ಮೊಬಲಗನ್ನೂ ತನ್ನ ಹೆಸರನ್ನೂ ಬರೆಯುವನು. ಹೀಗೆ ಕೆಳಗೆ ಸಹಿ ಹಾಕುವವರ ಕೂಟವೇ ಮುಂದೆ ಜಗತ್ತಿನ ಅತಿ ದೊಡ್ಡ ವಿಮಾ ಪೇಟೆಯಾಯಿತು. ಕಾಫಿ ಕುಡಿಯುತ್ತ ಕುಳಿತವರು ದೂರದ ಸಾಗರಗಳ ಗಾಳಿಮಳೆಗೆ ಬೆಲೆ ಕಟ್ಟಿ ಜೀವನ ಸಾಗಿಸುವುದು ಸಾಧ್ಯವೆಂದು ಅಲ್ಲಿ ಸಿದ್ಧವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆವಿಯ ಹಡಗು, 1869ರಲ್ಲಿ ತೆರೆದ ಸೂಯೆಜ್ ಕಾಲುವೆ, ಸಮುದ್ರದ ತಳದಲ್ಲಿ ಹಾಸಿದ ತಂತಿ ಇವು ಒಂದರ ಹಿಂದೆ ಒಂದರಂತೆ ಬಂದವು. 1866ರಲ್ಲಿ ಯೂರೋಪು ಅಮೆರಿಕಗಳ ನಡುವೆ ಶಾಶ್ವತವಾದ ತಂತಿ ಸಂಪರ್ಕ ಏರ್ಪಟ್ಟಿತು. 1870ರಲ್ಲಿ ಅದು ಮುಂಬಯಿಯನ್ನೂ ಮುಟ್ಟಿತು. ಹಿಂದೆ ಆಫ್ರಿಕವನ್ನು ಬಳಸಿ ಬರುವ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಸುದ್ದಿಯು ಈಗ ಗಂಟೆಗಳ ಲೆಕ್ಕದಲ್ಲಿ ಬಂದು ತಲಪಿತು. ಹತ್ತಿಯ ಧಾರಣೆಯನ್ನು ಲಂಡನ್ನಿನಲ್ಲಿ ಕುಳಿತೇ ತಿಳಿಯುವಂತಾಯಿತು. ಆ ಕಾಲದ ಇಂಗ್ಲೆಂಡು ಹೊರಕ್ಕೆ ಮಾರಿದ ಸರಕಿಗಿಂತ ಹೊರಗಿನಿಂದ ಕೊಂಡ ಸರಕೇ ಅಧಿಕವಾಗಿತ್ತು. ಆದರೂ ಅದು ಬಡವಾಗಲಿಲ್ಲ. ಹಡಗಿನ ಬಾಡಿಗೆ, ವಿಮೆ, ಬ್ಯಾಂಕಿನ ವ್ಯವಹಾರ, ಪರದೇಶಗಳಲ್ಲಿ ಹೂಡಿದ ಹಣದ ಬಡ್ಡಿ ಇವುಗಳಿಂದ ಬರುತ್ತಿದ್ದ ಅದೃಶ್ಯ ಆದಾಯವು ಆ ಕೊರತೆಯನ್ನು ತುಂಬಿ ಮಿಗುತ್ತಿತ್ತು.

ಭಾರತಕ್ಕೆ ಈ ಅದೃಶ್ಯ ವ್ಯಾಪಾರವು ತೋರಿದ ಮುಖವೇ ಬೇರೆ. ಲಂಡನ್ನಿನಲ್ಲಿದ್ದ ಭಾರತ ಸಚಿವಾಲಯದ ವೆಚ್ಚ, ನಿವೃತ್ತರಾಗಿ ತಾಯ್ನಾಡಿಗೆ ಮರಳಿದ ಆಂಗ್ಲ ಅಧಿಕಾರಿಗಳ ಪಿಂಚಣಿ, ರೈಲ್ವೆಗೆಂದು ಎತ್ತಿದ ಸಾಲದ ಬಡ್ಡಿ, ಸೈನ್ಯದ ಖರ್ಚು ಇವೆಲ್ಲವನ್ನೂ ಭಾರತದ ಬೊಕ್ಕಸದಿಂದ ಪ್ರತಿ ವರ್ಷವೂ ಇಂಗ್ಲೆಂಡಿಗೆ ಸಲ್ಲಿಸಬೇಕಾಗಿತ್ತು. ಆಡಳಿತವೆಂಬ ಸೇವೆಗೆ ಇದು ಬೆಲೆಯೆಂದು ಆಳುವವರು ಹೇಳಿದರು. ಸೇವೆಯನ್ನು ಬೇಡದವನ ಮೇಲೆ ಹೇರಿ, ಬೆಲೆಯನ್ನೂ ತಾನೇ ಗೊತ್ತುಮಾಡಿ, ಅವನ ಜೇಬಿನಿಂದ ತಾನೇ ಎಣಿಸಿಕೊಳ್ಳುವುದನ್ನು ವ್ಯಾಪಾರವೆಂದು ಕರೆಯುವುದು ಕಷ್ಟ. ದಾದಾಭಾಯಿ ನವರೋಜಿಯವರು ಇದನ್ನು ದೇಶದ ಸಂಪತ್ತಿನ ಸೋರಿಕೆಯೆಂದು ಕರೆದು, ವರ್ಷಗಟ್ಟಲೆ ಅಂಕಿ ಅಂಶಗಳನ್ನು ಕಲೆಹಾಕಿ, 1901ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದರ ಸ್ವರೂಪವನ್ನು ಬಯಲಿಗಿಟ್ಟರು.

ಸೇವೆಯನ್ನು ತಾವೇ ಒದಗಿಸಲು ಹೊರಟ ಭಾರತೀಯರ ಪಾಡೂ ಸುಲಭದ್ದಾಗಿರಲಿಲ್ಲ. 1906ರಲ್ಲಿ ವ. ಉ. ಚಿದಂಬರಂ ಪಿಳ್ಳೆಯವರು ತೂತುಕುಡಿಯಲ್ಲಿ ಸ್ವದೇಶಿ ಹಡಗಿನ ಕಂಪೆನಿಯನ್ನು ಸ್ಥಾಪಿಸಿ, ತೂತುಕುಡಿಗೂ ಕೊಲಂಬೋವಿಗೂ ನಡುವೆ ಹಡಗುಗಳನ್ನು ಓಡಿಸಿದರು. ಎದುರಾಳಿಯಾದ ಬ್ರಿಟಿಷ್ ಕಂಪೆನಿಯು ಪ್ರಯಾಣದರವನ್ನು ಒಂದೇ ಸಮನೆ ಇಳಿಸಿತು. ಕೊನೆಗೆ ಉಚಿತವಾಗಿ ಕರೆದೊಯ್ದು, ಮೇಲೊಂದು ಕೊಡೆಯನ್ನೂ ಕೊಡತೊಡಗಿತೆಂದು ಹೇಳುತ್ತಾರೆ. 1908ರಲ್ಲಿ ಪಿಳ್ಳೆಯವರನ್ನು ರಾಜದ್ರೋಹದ ಆಪಾದನೆಯ ಮೇಲೆ ಸೆರೆಗೆ ಹಾಕಲಾಯಿತು. ಅವರು ಹೊರಬರುವ ವೇಳೆಗೆ ಕಂಪೆನಿಯು ಮುಚ್ಚಿಹೋಗಿತ್ತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪೆನಿಯ ‘ಲಾಯಲ್ಟಿ’ ಎಂಬ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸಲಾಗುತ್ತಿದೆ.

ಎರಡನೆಯ ಮಹಾಯುದ್ಧದ ತರುವಾಯ ವಾಣಿಜ್ಯದ ನಿಯಮಗಳನ್ನು ಗೊತ್ತುಪಡಿಸಲು ರಾಷ್ಟ್ರಗಳು 1947ರಲ್ಲಿ ಒಂದು ಒಪ್ಪಂದಕ್ಕೆ ಬಂದವು. ಅದು ಸರಕುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನಾಲ್ಕು ದಶಕಗಳ ಬಳಿಕ, 1986ರ ಸೆಪ್ಟೆಂಬರಿನಲ್ಲಿ, ಉರುಗ್ವೆ ದೇಶದ ಪುಂಟಾ ಡೆಲ್ ಎಸ್ಟೆಯಲ್ಲಿ ಹೊಸ ಸುತ್ತಿನ ಮಾತುಕತೆ ಆರಂಭವಾದಾಗ ಸೇವೆಗಳನ್ನೂ ಸೇರಿಸಬೇಕೆಂದು ಅಮೆರಿಕವು ಪಟ್ಟು ಹಿಡಿಯಿತು. ಭಾರತ ಮತ್ತು ಬ್ರೆಜಿಲ್ ದೇಶಗಳು ಮುಂದಾಳಾಗಿ ನಿಂತು ಅದನ್ನು ವಿರೋಧಿಸಿದವು. ಭಾರತವು 1956ರಲ್ಲಿ ಜೀವವಿಮೆಯನ್ನೂ 1969ರಲ್ಲಿ ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನೂ ರಾಷ್ಟ್ರೀಕರಣ ಮಾಡಿತ್ತು. ಬಾಗಿಲು ತೆರೆದರೆ ಪರದೇಶದ ದೈತ್ಯ ಸಂಸ್ಥೆಗಳು ನುಗ್ಗಿ ಎಲ್ಲವನ್ನೂ ನುಂಗುವವೆಂಬ ಆತಂಕವು ಪರಾಧೀನತೆಯ ದಿನಗಳನ್ನು ಕಂಡ ದೇಶಕ್ಕೆ ಸಹಜವೇ ಆಗಿತ್ತು. ಕೊನೆಗೆ ಸರಕು ಮತ್ತು ಸೇವೆಗಳ ಚರ್ಚೆಯನ್ನು ಪ್ರತ್ಯೇಕವಾಗಿ ನಡೆಸುವ ರಾಜಿಯಾಯಿತು. ಅದರ ಫಲವಾದ ಸೇವಾ ವಾಣಿಜ್ಯದ ಸಾಮಾನ್ಯ ಒಪ್ಪಂದವು 1995ರ ಜನವರಿ 1ರಂದು, ವಿಶ್ವ ವಾಣಿಜ್ಯ ಸಂಸ್ಥೆಯ ಹುಟ್ಟಿನೊಡನೆಯೇ, ಜಾರಿಗೆ ಬಂದಿತು. ಹತ್ತು ವರ್ಷಗಳೊಳಗೆ ಅದೇ ಭಾರತವು ಸೇವೆಗಳಿಗೆ ಇನ್ನೂ ಹೆಚ್ಚಿನ ಅವಕಾಶ ಬೇಕೆಂದು ಕೇಳುವ ದೇಶವಾಯಿತು. ಕಾಲದ ಗತಿಯು ಎಂತಹ ಬದಲಾವಣೆಯನ್ನು ತರುವುದೆಂಬುದನ್ನು ಪುಂಟಾ ಡೆಲ್ ಎಸ್ಟೆಯಲ್ಲಿ ಸೇರಿದ್ದ ಯಾರೂ ಊಹಿಸಿರಲಾರರು.

ಈ ಒಪ್ಪಂದವು ಸೇವೆಯು ಗಡಿ ದಾಟುವ ನಾಲ್ಕು ವಿಧಗಳನ್ನು ಗುರುತಿಸಿದೆ. ಬೆಂಗಳೂರಿನ ಶಿಲ್ಪಿಯು ಕಟ್ಟಡದ ನಕ್ಷೆಯನ್ನು ಸಿದ್ಧಪಡಿಸಿ ದುಬಾಯಿಗೆ ಕಳುಹಿಸಿದರೆ ಸೇವೆ ಮಾತ್ರ ಪಯಣಿಸಿತು. ಹಂಪಿಯನ್ನು ನೋಡಲು ಬಂದ ಫ್ರಾನ್ಸಿನ ಪ್ರವಾಸಿಯು ಹೊಸಪೇಟೆಯಲ್ಲಿ ತಂಗಿ ಊಟ ವಸತಿಗಳಿಗೆ ಹಣ ಕೊಟ್ಟರೆ ಗ್ರಾಹಕನೇ ಗಡಿ ದಾಟಿ ಬಂದನು. ಅಲ್ಲಿನ ಹೊಟೆಲಿನವನು ಊರು ಬಿಟ್ಟು ಕದಲದೆಯೇ ರಫ್ತುದಾರನಾದನು! ಸಂಸ್ಥೆಯೇ ಪರದೇಶಕ್ಕೆ ಹೋಗಿ ಶಾಖೆ ತೆರೆಯುವುದು ಮೂರನೆಯ ವಿಧ. 1997ರಲ್ಲಿ ಮಣಿಪಾಲದ ಶಿಕ್ಷಣ ಸಂಸ್ಥೆಯು ಮಲೇಷ್ಯದ ಮೆಲಕಾದಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಈ ಎರಡು ವಿಧಗಳೂ ಒಟ್ಟಿಗೆ ನಡೆದವು. ಕಾಲೇಜು ಅಲ್ಲಿಗೆ ಹೋಯಿತು. ಅಲ್ಲಿನ ವಿದ್ಯಾರ್ಥಿಗಳು ಓದಿನ ಮೊದಲ ಭಾಗಕ್ಕಾಗಿ ಮಣಿಪಾಲಕ್ಕೆ ಬಂದರು. ಕೊನೆಯದಾಗಿ, ಮಂಗಳೂರಿನಲ್ಲಿ ಶುಶ್ರೂಷೆಯ ಶಿಕ್ಷಣ ಪಡೆದ ದಾದಿಯು ಕೆಲವು ಕಾಲದ ಮಟ್ಟಿಗೆ ಮಸ್ಕತಿನ ಆಸ್ಪತ್ರೆಗೆ ಹೋಗಿ ದುಡಿದರೆ, ಸೇವೆ ಮಾಡುವ ವ್ಯಕ್ತಿಯೇ ಗಡಿ ದಾಟಿದಂತಾಯಿತು.

ಈ ನಾಲ್ಕರಲ್ಲಿ ಮೊದಲನೆಯದು ಬೆಳೆದ ವೇಗವು ಬೆರಗು ಹುಟ್ಟಿಸುವಂತಹದು. ಅದರ ಒಂದು ಮುಖ್ಯ ಘಟ್ಟವು ಬೆಂಗಳೂರಿನಲ್ಲಿಯೇ ನಡೆಯಿತು. ಅದಕ್ಕೆ ಮೊದಲು ಭಾರತದ ಗಣಕತಜ್ಞರು ಅಮೆರಿಕದ ಕೆಲಸ ಮಾಡಬೇಕಾದರೆ ಅಮೆರಿಕಕ್ಕೇ ಹೋಗಬೇಕಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪೆನಿಯು ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದು, ತನ್ನ ಕೆಲಸವನ್ನು ಉಪಗ್ರಹದ ಮೂಲಕ ರವಾನಿಸುವ ಏರ್ಪಾಟನ್ನು ಮಾಡಿಕೊಂಡಿತು. ಸಣ್ಣ ಸಿಲಿಕಾನ್ ಬಿಲ್ಲೆಯ ಮೇಲೆ ಬರಬೇಕಾದ ಸೂಕ್ಷ್ಮ ಮಂಡಲಗಳನ್ನು ಇಲ್ಲಿನ ಇಂಜಿನಿಯರುಗಳು ರಚಿಸಿದರು. ಆ ರಚನೆಯು ಆಕಾಶಮಾರ್ಗವಾಗಿ ಕಡಲಾಚೆಗೆ ಹೋಯಿತು. ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರವು ನ್ಯೂಯಾರ್ಕಿನ ಗಡಿಯಾರಕ್ಕಿಂತ ಹತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿನವರು ಸಂಜೆ ಬಿಟ್ಟುಹೋದ ಕೆಲಸವನ್ನು ಇಲ್ಲಿನವರು ಬೆಳಗ್ಗೆ ಕೈಗೆತ್ತಿಕೊಂಡರೆ, ಅವರು ನಿದ್ದೆಯಿಂದ ಏಳುವಷ್ಟರಲ್ಲಿ ಅದು ಮುಗಿದಿರುತ್ತದೆ. ದೂರವು ಅಡ್ಡಿಯಾಗಿದ್ದುದು ಹೋಗಿ ಅನುಕೂಲವೇ ಆಯಿತು. 1991ರಲ್ಲಿ ಸರಕಾರವು ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಯೋಜನೆಯನ್ನು ಜಾರಿಗೆ ತಂದು, ಸಣ್ಣ ಸಂಸ್ಥೆಗಳಿಗೂ ಉಪಗ್ರಹ ಸಂಪರ್ಕ ದೊರೆಯುವಂತೆ ಮಾಡಿತು.

1990-91ರಲ್ಲಿ ಭಾರತವು ಸೇವೆಗಳ ರಫ್ತಿನಿಂದ ಗಳಿಸಿದುದು 500 ಕೋಟಿ ಡಾಲರಿಗಿಂತ ಕಡಮೆ. 2023-24ರಲ್ಲಿ ಅದು ಸುಮಾರು 34,000 ಕೋಟಿ ಡಾಲರಿಗೆ ಏರಿತು. ಅದೇ ವರ್ಷ ಸರಕುಗಳ ರಫ್ತು ಸುಮಾರು 43,700 ಕೋಟಿ ಡಾಲರ್. ತೈಲ, ಚಿನ್ನ, ಯಂತ್ರಗಳ ಆಮದಿನಿಂದ ಸರಕಿನ ವ್ಯಾಪಾರದಲ್ಲಿ ಉಂಟಾದ ಕೊರತೆಯ ದೊಡ್ಡ ಭಾಗವನ್ನು ಸೇವೆಗಳ ಮಿಗತೆಯೇ ತುಂಬಿತು. ಇಡೀ ಜಗತ್ತನ್ನು ತೆಗೆದುಕೊಂಡರೆ ಸೇವೆಗಳ ರಫ್ತು 1995ರಲ್ಲಿ ಸುಮಾರು 1.2 ಲಕ್ಷ ಕೋಟಿ ಡಾಲರಿನಷ್ಟಿದ್ದುದು 2023ರಲ್ಲಿ 7 ಲಕ್ಷ ಕೋಟಿಯನ್ನು ಮೀರಿತು. ಕೋವಿಡ್ ಸಾಂಕ್ರಾಮಿಕವು ಹಬ್ಬಿದ 2020ರಲ್ಲಿ ಪ್ರವಾಸದ ಆದಾಯವು ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಮನೆಯಲ್ಲಿ ಕುಳಿತೇ ಮಾಡಬಹುದಾದ ಗಣಕದ ಸೇವೆಗಳು ತಗ್ಗದೆ ಏರಿದವು.

ಆದರೆ ಈ ಬೆಳವಣಿಗೆಯ ಫಲವು ಎಲ್ಲರಿಗೂ ಒಂದೇ ಅಳತೆಯಲ್ಲಿ ದಕ್ಕಿಲ್ಲ. ವಿಶ್ವ ವಾಣಿಜ್ಯ ಸಂಸ್ಥೆಯು 2017ರ ವಹಿವಾಟನ್ನು ಕುರಿತು ಮಾಡಿದ ಅಂದಾಜಿನಂತೆ, ಸೇವೆಗಳ ಅರ್ಧಕ್ಕಿಂತ ಹೆಚ್ಚು ಪಾಲು ನಡೆಯುವುದು ಕಂಪೆನಿಗಳು ಪರದೇಶದಲ್ಲಿ ತೆರೆಯುವ ಶಾಖೆಗಳ ಮೂಲಕ. ದುಡಿಯುವ ವ್ಯಕ್ತಿಯೇ ಗಡಿ ದಾಟಿ ಹೋಗುವ ವಿಧಕ್ಕೆ ದೊರೆತ ಪಾಲು ಶೇಕಡ 3ರ ಆಸುಪಾಸು ಮಾತ್ರ. ಬಂಡವಾಳಕ್ಕೆ ತೆರೆಯುವ ಬಾಗಿಲು ಮನುಷ್ಯನಿಗೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಇಲ್ಲಿ ವರ್ಷಗಟ್ಟಲೆ ಓದಿ ಪದವಿ ಪಡೆದ ದಾದಿಯು ಅನೇಕ ದೇಶಗಳಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕುಳಿತು, ಅಲ್ಲಿನ ಮಂಡಲಿಯಲ್ಲಿ ಹೆಸರು ನೋಂದಾಯಿಸಿಕೊಂಡ ಮೇಲೆಯೇ ರೋಗಿಯ ಹಾಸಿಗೆಯ ಬಳಿಗೆ ಹೋಗಬಹುದು. ಅಮೆರಿಕವು ವಿಶೇಷ ಪರಿಣತರಿಗೆ ನೀಡುವ ವೀಸಾಗಳ ಸಂಖ್ಯೆಗೆ 1990ರ ಕಾನೂನಿನಿಂದ ಮಿತಿಯನ್ನು ಹಾಕಿತು. 2025ರ ಸೆಪ್ಟೆಂಬರಿನಲ್ಲಿ ಅಂತಹ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರುಗಳ ಶುಲ್ಕವನ್ನೂ ಘೋಷಿಸಿತು. ನುರಿತವರ ಗತಿಯೇ ಹೀಗಿರುವಾಗ ಅಡುಗೆಯವರು, ಗಾರೆಯವರು, ಚಾಲಕರು ಇವರ ಪರವಾಗಿ ಒಪ್ಪಂದದ ಮೇಜಿನ ಮುಂದೆ ವಾದಿಸುವವರು ವಿರಳ.

ದೇಶದೊಳಗಿನ ಸ್ಥಿತಿಯನ್ನೂ ನೋಡಬೇಕು. ಮಾಹಿತಿ ತಂತ್ರಜ್ಞಾನದ ಉದ್ಯಮವು 2023ರ ವೇಳೆಗೆ ಸುಮಾರು 54 ಲಕ್ಷ ಮಂದಿಗೆ ನೇರವಾಗಿ ಉದ್ಯೋಗ ನೀಡಿತ್ತು. ಐವತ್ತು ಕೋಟಿಯನ್ನು ಮೀರಿದ ಭಾರತದ ದುಡಿಯುವ ಜನರಲ್ಲಿ ಇದು ನೂರಕ್ಕೆ ಒಬ್ಬರ ಲೆಕ್ಕ. ಆ ಒಬ್ಬರೂ ಬಹುಮಟ್ಟಿಗೆ ಬೆಂಗಳೂರು, ಹೈದರಾಬಾದು, ಪುಣೆಗಳಂತಹ ಕೆಲವೇ ನಗರಗಳಲ್ಲಿ ಇದ್ದಾರೆ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಸಂಸ್ಥೆಗಳು ಬೇರೂರಿವೆಯಾದರೂ ಬೆಂಗಳೂರಿನೊಡನೆ ಹೋಲಿಸಿದರೆ ಅವುಗಳ ಪ್ರಮಾಣ ಕಿರಿದು.

ಕೆಲಸದ ಬಗೆಯೂ ಒಂದೇ ತೆರನಾಗಿ ನಿಂತಿಲ್ಲ. 1990ರ ದಶಕದಲ್ಲಿ ಅಮೆರಿಕದ ವೈದ್ಯರು ರೋಗಿಗಳ ವಿಷಯವಾಗಿ ಹೇಳಿ ಮುದ್ರಿಸಿದ ಧ್ವನಿಯನ್ನು ತರಿಸಿಕೊಂಡು, ಅದನ್ನು ಕೇಳುತ್ತ ರಾತ್ರೋರಾತ್ರಿ ಬೆರಳಚ್ಚು ಮಾಡಿ ಕಳುಹಿಸುವ ಕಚೇರಿಗಳು ಬೆಂಗಳೂರಿನಲ್ಲಿ ಹುಟ್ಟಿಕೊಂಡವು. ಅನೇಕ ತರುಣ ತರುಣಿಯರು ಅದರಿಂದ ಜೀವನೋಪಾಯವನ್ನು ಕಂಡುಕೊಂಡರು. ಮಾತನ್ನು ಗುರುತಿಸಿ ತಾನೇ ಬರೆಯಬಲ್ಲ ಯಂತ್ರವು ಸುಧಾರಿಸಿದಂತೆ ಆ ಕೆಲಸವು ಕುಗ್ಗಿತು. ಅದೇ ನಗರದ ವೈಟ್‌ಫೀಲ್ಡಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯು 2000ದಲ್ಲಿ ಸಂಶೋಧನ ಕೇಂದ್ರವನ್ನು ತೆರೆಯಿತು. ಅಲ್ಲಿನ ಇಂಜಿನಿಯರುಗಳ ಪಾಲಿಗೆ ಬಂದ ಕೆಲಸಗಳಲ್ಲಿ ವಿಮಾನದ ಇಂಜಿನ್ನಿನ ಭಾಗಗಳ ವಿನ್ಯಾಸವೂ ಒಂದು. ಬೆರಳಚ್ಚಿನ ಕೆಲಸಕ್ಕೆ ಕೆಲವು ತಿಂಗಳ ತರಬೇತಿ ಸಾಕಾಗಿತ್ತು; ಇದಕ್ಕೆ ಶಾಲೆಯ ಗಣಿತದಿಂದ ಮೊದಲುಗೊಂಡು ಹದಿನೈದು ಹದಿನಾರು ವರ್ಷಗಳ ಓದು ಬೇಕಾಗುತ್ತದೆ.